ದುರ್ಗದಬೈಲಿಗೂ ಚಿತ್ರ ಬೇಕು

ಬೇಸಿಗೆ ರಜೆಯಲ್ಲಿ ನಾನು ನಮ್ಮ ಕಾಕಾ ಜೋಡಿ ಬೆಂಗಳೂರಿಗೆ ಹೋಗಿದ್ದೆ. ಅಲ್ಲಿ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣ ನೆಲದ ಕೆಳಗೆ ಇದೆ. 2016ರಲ್ಲಿ ಶುರುವಾಗಿದ್ದು. ಅದರ ಗೋಡೆಗಳ ಮೇಲೆ ಸೃಷ್ಟಿ ಎಂಬ ಕಲಾ ಸಂಸ್ಥೆಯ ವಿದ್ಯಾರ್ಥಿಗಳು ಚಿತ್ರ ಬರೆದಿದ್ದಾರೆ. ಮೊಳೆ ಹೊಡೆದು ತೂಗುಹಾಕಿದ್ದಲ್ಲ, ಗೋಡೆಗೇ ಬರೆದದ್ದು. ಮಂದಿ ಗಾಡಿ ತಪ್ಪೀತು ಅಂತ ಅದರ ಮುಂದೆಯೇ ಓಡುತ್ತಿದ್ದರು. ನಮ್ಮ ಕಾಕಾ ಮಾತ್ರ ನಿಂತುಬಿಟ್ಟರು. ಗೋಡೆಗೆ ಮೂಗು ಹಚ್ಚಿ ನೋಡಿ, "ಕೈಲೇ ಬರದಾರ ನೋಡು" ಅಂದರು. ಎರಡು ಗಾಡಿ ಹೋದವು.

ಕಾಕಾ ಮೊದಲು ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯ್ತು. ಈಗ ಗೌಂಡಿ ಕೆಲಸಕ್ಕೆ ಹೋಗ್ತಾರೆ. ಬ್ರಷ್ಷುಗಳನ್ನು ಇನ್ನೂ ತೊಳೆದು ಡಬ್ಬಿಯಲ್ಲಿ ಇಟ್ಟಿದ್ದಾರೆ. ನಮಗೆ ಯಾರಿಗೂ ಮುಟ್ಟಗೊಡುವುದಿಲ್ಲ.

ನನ್ನ ಅಭಿಪ್ರಾಯ ಏನೆಂದರೆ, ಅಂಥ ಚಿತ್ರ ದುರ್ಗದಬೈಲಿನಲ್ಲೂ ಇರಬೇಕು. ಮೆಟ್ರೋ ಇಲ್ಲದಿದ್ದರೇನು, ಮಂದಿ ಇದ್ದಾರೆ. ಟಿಕೆಟ್ ಸಹ ತಗೋಬೇಕಾಗಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದ ಅಂತ ಎಲ್ಲರೂ ಹೊಗಳಿದರು. ಉದ್ದಕ್ಕೆ ಹೆಸರಾದ ಊರು ಚಿತ್ರಕ್ಕೂ ಹೆಸರಾಗಬಾರದೇನು?

ನಮ್ಮ ವರ್ಗದ ಕೆಲವರಿಗೆ ಇದನ್ನು ಹೇಳಿದೆ. "ಅಲ್ಲಿ ಖಾಲಿ ಗೋಡಿ ಎಲ್ಲೈತಿ? ಇದ್ದರೂ ಎಲಿ ಅಡಿಕಿ ಉಗುಳ್ತಾರ" ಅಂದು ನಕ್ಕರು. ಖರೆ ಮಾತು. ಆದರೆ ಅಂಗಡಿಗಳ ಶಟರ್ ಇವೆಯಲ್ಲ! ಸಾಲಿಗೆ ಸಾಲು. ಶಟರ್ ಎತ್ತಿದ ಮೇಲೆ ಚಿತ್ರ ಸುತ್ತಿಕೊಂಡು ಮೇಲೆ ಹೋಗುತ್ತದೆ, ಸಂಜೆ ಗಿರ್ಮಿಟ್ ತಿನ್ನಲು ಬರುವವರಿಗೆ ಕಾಣುವುದಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅಲ್ಲಿ ಕಸ ಗುಡಿಸುವವರು ಇರುತ್ತಾರೆ. ಹಾಲಿನವರು ಇರುತ್ತಾರೆ. ಕಾಯಿಪಲ್ಲೆ ಬುಟ್ಟಿ ಹೊತ್ತು ಮೊದಲನೇ ಬಸ್ಸಿಗೆ ಹೋದ ನಮ್ಮೂರ ಅವ್ವಂದಿರು ಇರುತ್ತಾರೆ. ಚಿತ್ರ ಅವರಿಗೆ ಕಾಣಲಿ. ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಬೀಳುವುದು ಬರೇ ತುಕ್ಕು ಹಿಡಿದ ತಗಡು.

ನೆಲದ ಕೆಳಗಿನ ಚಿತ್ರಕ್ಕೆ ಮಳೆ ಬಿಸಿಲು ತಾಗುವುದಿಲ್ಲ. ಇಲ್ಲಿ ತಾಗುತ್ತದೆ. ಅದಕ್ಕೆ ಆಯಿಲ್ ಪೇಂಟೇ ಆಗಬೇಕು, ಮೊದಲು ತುಕ್ಕು ತಿಕ್ಕಬೇಕು ಅಂತ ಕಾಕಾ ಹೇಳಿದರು. "ಒಂದು ಶಟರ್ ಪುಕ್ಕಟೆ ಬರದು ಕೊಡತೀನಿ, ಬಣ್ಣ ಮಾತ್ರ ಅಂಗಡಿಯವರದು" ಅಂತಲೂ ಅಂದರು. ಅಂಗಡಿಯವರನ್ನು ಕೇಳಲು ಅವರಿಗೆ ಸಂಕೋಚ. ನಾವು ನಾಲ್ಕು ಜನ ಗುರುಗಳ ಜೋಡಿ ಹೋಗಿ ಕೇಳಬೇಕು. ದೀಪಾವಳಿಗೆ ಮೊದಲೇ ಕೇಳಿದರೆ ಚಲೋ, ಆಗ ಎಲ್ಲರೂ ಅಂಗಡಿಗೆ ಬಣ್ಣ ಹಚ್ಚುತ್ತಾರೆ.