ಕಣ್ಣು ಮೆಚ್ಚಿದ ರೂಪವನ್ನು ಗಾಳಿ ಮೆಚ್ಚೀತೆ?

ಸೊಗಸಾದ ಮೋಟಾರು ಕಾರೊಂದನ್ನು ಕಂಡೊಡನೆ, ಗಾಳಿಯನ್ನು ಸೀಳಿಕೊಂಡು ಹೋಗುವಂತಿದೆ ಎಂದು ನಾವೆಲ್ಲರೂ ಉದ್ಗರಿಸುತ್ತೇವೆ. ಮೆಚ್ಚುಗೆಯ ಮಾತಾಗಿ ಇದು ಚೆನ್ನ. ಭೌತವಿಜ್ಞಾನದ ತೀರ್ಪಾಗಿ ಮಾತ್ರ ಇದನ್ನು ಒಪ್ಪಲಾಗದು. ಇಟಲಿಯ ಪ್ರಸಿದ್ಧವಾದ ಲಂಬೋರ್ಗಿನಿ ಮಿಯುರಾ ಕಾರೇ ಇದಕ್ಕೆ ನಿದರ್ಶನ.

1966ರ ಜಿನೀವಾ ಪ್ರದರ್ಶನದಲ್ಲಿ ಈ ಕಾರು ಮೊದಲು ಕಾಣಿಸಿಕೊಂಡಾಗ, ಅದರ ಹೊರಮೈಯನ್ನು ರೂಪಿಸಿದ ಬೆರ್ಟೋನೆ ಸಂಸ್ಥೆಯ ಮಾರ್ಚೆಲ್ಲೋ ಗಾಂಡೀನಿಗೆ ವಯಸ್ಸು ಕೇವಲ 27. ಹನ್ನೆರಡು ಸಿಲಿಂಡರುಗಳ ಎಂಜಿನನ್ನು ಆಸನಗಳ ಹಿಂದೆ ಅಡ್ಡಲಾಗಿ ಇರಿಸಿದ್ದರಿಂದ ಮೂತಿಯನ್ನು ಬಹಳ ತಗ್ಗಿಸಲು ಸಾಧ್ಯವಾಯಿತು. ನೆಲದಿಂದ ಚಾವಣಿಯವರೆಗೆ ಎತ್ತರ ಸುಮಾರು 105 ಸೆಂಟಿಮೀಟರು, ಎಂದರೆ ನಿಂತ ಮನುಷ್ಯನ ಸೊಂಟದಷ್ಟು. ಹಿಂಬದಿಯ ಗಾಜಿನ ಸ್ಥಾನದಲ್ಲಿರುವ ಕಪ್ಪು ಪಟ್ಟಿಗಳು ಎಂಜಿನಿನ ಕಾವನ್ನು ಹೊರಬಿಡುತ್ತವೆ. ಅಲ್ಲಿ ಅಂದವೂ ಉಪಯೋಗವೂ ಒಂದಾಗಿವೆ. ಇಂತಹ ರೂಪಕ್ಕೆ ಲೋಕವೇ ಮನಸೋತುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಗಾಳಿಗೆ ಕಣ್ಣಿಲ್ಲ. ಬಾಗಿದ ಮೈಯನ್ನು ಅನುಸರಿಸಿ ಗಾಳಿಯೂ ಬಾಗಿ ಹರಿಯಬೇಕಾದರೆ ಆ ಮೈಯ ಬಳಿ ಒತ್ತಡವು ಕುಗ್ಗಲೇಬೇಕು. ವಿಮಾನದ ರೆಕ್ಕೆಯನ್ನು ಮೇಲೆತ್ತುವುದೂ ಇಂತಹ ಒತ್ತಡದ ಅಂತರವೇ. ನೀಳವಾಗಿ ಕಮಾನಿನಂತೆ ಬಾಗಿದ ಕಾರು ತನಗೆ ಬೇಡವಾದರೂ ಒಂದಿಷ್ಟು ರೆಕ್ಕೆಯಾಗುತ್ತದೆ. ಈ ಎತ್ತುಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದು: ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಇದ್ದುದು 240ರಲ್ಲಿ ಒಂಬತ್ತು ಪಟ್ಟಾಗುತ್ತದೆ. ಮಿಯುರಾದ ಮುಂಭಾಗವು ಅತಿವೇಗದಲ್ಲಿ ಹಗುರವಾಗುತ್ತಿದ್ದುದು ಚಾಲಕರಿಗೆಲ್ಲ ತಿಳಿದ ದೋಷ. ಪೆಟ್ರೋಲಿನ ತೊಟ್ಟಿಯೂ ಮುಂದೆಯೇ ಇದ್ದುದರಿಂದ, ಅದು ಬರಿದಾದಂತೆ ದೋಷ ಇನ್ನೂ ಹೆಚ್ಚುತ್ತಿತ್ತು. ದಿಕ್ಕನ್ನು ತಿರುಗಿಸಬೇಕಾದ ಚಕ್ರಗಳೇ ನೆಲದ ಮೇಲಣ ಹಿಡಿತವನ್ನು ಸಡಿಲಿಸಿದರೆ ಚಾಲಕನ ಪಾಡೇನು? ಚೆಲುವು ಅವನ ಪ್ರಾಣವನ್ನು ಕಾಯಲಾರದು.

ಅದೇ ಇಟಲಿಯ ಇನ್ನೊಂದು ಕಾರನ್ನು ಇದರೊಡನೆ ಹೋಲಿಸಬಹುದು. 1962ರಲ್ಲಿ ಹೊರಬಂದ ಫೆರಾರಿ 250 ಜಿ.ಟಿ.ಓ. ಪಂದ್ಯಗಳಿಗೆಂದೇ ನಿರ್ಮಿತವಾದುದು. ಪರೀಕ್ಷೆಯ ಓಟದಲ್ಲಿ ಅದರ ಸ್ಥಿರತೆ ಸಾಲದೆಂದು ಕಂಡುಬಂದಾಗ, ಬಾಲದ ಅಂಚಿಗೆ ಮೇಲ್ಮುಖವಾದ ಸಣ್ಣದೊಂದು ತಡೆಪಟ್ಟಿಯನ್ನು ಜೋಡಿಸಿದರು. ಹರಿದುಬಂದ ರೇಖೆಯನ್ನು ತಟ್ಟನೆ ಮುರಿಯುವ ಆ ಪಟ್ಟಿಯನ್ನು ಬರಿಯ ಚಿತ್ರಕಾರನು ಬರೆಯುತ್ತಿರಲಿಲ್ಲವೇನೋ. ಅದನ್ನು ಬರೆಯಿಸಿದ್ದು ಅನುಭವ. ಇಂದು ಆ ಪಟ್ಟಿಯೂ ಕಾರಿನ ಅಂದಕ್ಕೇ ಸೇರಿಹೋಗಿದೆ ಎಂಬುದು ಗಮನಾರ್ಹ. ಕಣ್ಣು ಕಲಿಯಬಲ್ಲುದು, ಆದರೆ ಮೊದಲು ಗಾಳಿಯಿಂದ ಕಲಿಯಬೇಕು.

ಮಿಯುರಾವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಕಲೆಯ ಕೃತಿಯಾಗಿ ಅದಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ನಮ್ಮ ಆಕ್ಷೇಪಣೆಯಿರುವುದು, ಕಂಡ ಅಂದವನ್ನೇ ವಿಜ್ಞಾನದ ಪ್ರಮಾಣವೆಂದು ಭಾವಿಸುವ ಅಭ್ಯಾಸಕ್ಕೆ. ನಮ್ಮ ತರಗತಿಗಳಲ್ಲಿ ಚೂಪಾದುದೆಲ್ಲ ವೇಗದ ರೂಪವೆಂದು ನಂಬಿದ ವಿದ್ಯಾರ್ಥಿಗಳು ಹಲವರು. ಹಾಗೆಂದು ನಂಬಿಸುವ ಜಾಹೀರಾತುಗಳೂ ಹಲವು. ಗಾಳಿಗೆ ಒಗ್ಗಿದ ಆಕಾರವೆಂದು ಯಾರಾದರೂ ಹೊಗಳಿದಾಗ ವಾಚಕರು ವಿನಯದಿಂದಲೇ ಎರಡು ಪ್ರಶ್ನೆಗಳನ್ನು ಕೇಳಲಿ: ಅಳೆದವರು ಯಾರು? ಅಳತೆ ಎಷ್ಟು?