ಕದಡಿದ ಬಣ್ಣದ ಕಡಲು

ಹುಲ್ಲಹಳ್ಳಿಯ ಸೋದರಿಯೊಬ್ಬರ ಕಾಗದ ಬಂದಿದೆ. ಮೈಸೂರಿನಲ್ಲಿ ಚಿತ್ರಕಲೆ ಕಲಿಯುತ್ತಿರುವ ಮಗಳು ಮಳೆಗಾಲದ ಮಲ್ಪೆ ಕಡಲನ್ನು ಜಲವರ್ಣದಲ್ಲಿ ಬರೆದಳಂತೆ. ಗೌರಿಹಬ್ಬಕ್ಕೆ ಬಂದ ನೆಂಟರು, "ಇದೇನಮ್ಮಾ, ಬಣ್ಣವೆಲ್ಲ ಕದಡಿಹೋಗಿದೆ! ಕಡಲು ನೀಲಿ ಇರಬೇಡ್ವೆ?" ಅಂದರಂತೆ. ಅಂದಿನಿಂದ ಚಿತ್ರ ಬೀರುವಿನೊಳಗೆ, ಕುಂಚ ಡಬ್ಬಿಯೊಳಗೆ. "ನನಗೂ ಏನೂ ತಿಳಿಯಲಿಲ್ಲ, ಸುಮ್ಮನಿದ್ದೆ" ಎಂದು ಬರೆದು, ಚಿತ್ರದ ಫೋಟೋ ಇಟ್ಟಿದ್ದಾರೆ.

ನೋಡಿದೆ ಸೋದರಿ. ಮೊದಲು ನೀಲಿಯ ಮಾತು. ಆಷಾಢದಲ್ಲಿ ಕರಾವಳಿಯ ಹೊಳೆಗಳು ಕೆಮ್ಮಣ್ಣು ತಂದು ಸುರಿಯುತ್ತವೆ, ಮೇಲೆ ಕಾರ್ಮೋಡ. ಕಡಲಿಗೆ ನೀಲಿ ಎಲ್ಲಿಂದ ಬರಬೇಕು? ತುಂಬಿ ಬಂದಾಗ ನಿಮ್ಮೂರ ಕಪಿಲೆ ಯಾವ ಬಣ್ಣಕ್ಕಿರುತ್ತಾಳೆ, ನೆನೆಸಿಕೊಳ್ಳಿ. (ಅವಳು ಕಾವೇರಿಯ ಜೊತೆ ಮೂಡಣ ಕಡಲಿಗೆ ಹೋಗುವವಳು, ಆ ಮಾತು ಬೇರೆ.) ಹುಡುಗಿ ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾಳೆ.

ಇನ್ನು ಕದಡಿದ್ದು. ಒದ್ದೆ ಕಾಗದದ ಮೇಲೆ ಬಣ್ಣವಿಟ್ಟರೆ ಅದು ತಾನೇ ಹರಡುತ್ತದೆ. ಎಷ್ಟು ಒದ್ದೆಯಿದ್ದಾಗ ಇಡಬೇಕೆಂಬುದು ಮೈಸೂರುಪಾಕಿನ ಎಳೆಪಾಕದಂಥ ಲೆಕ್ಕ. ಒಂದು ಗಳಿಗೆ ಹೆಚ್ಚುಕಡಿಮೆಯಾದರೆ ಕೆಟ್ಟಿತು. ಎಣ್ಣೆಬಣ್ಣವಾದರೆ ಮೇಲೆ ಇನ್ನೊಂದು ಬಳಿದು ತಿದ್ದಬಹುದು, ಇಲ್ಲಿ ಅದು ಕಷ್ಟ. ಆ ಅಲೆಯ ನೊರೆ ನೋಡಿ: ಬಳಿದ ಬಿಳಿಯಲ್ಲ ಅದು, ಬಣ್ಣ ತಾಕದಂತೆ ಬಿಟ್ಟ ಕಾಗದ. ಎಲ್ಲಿ ಬಿಡಬೇಕೆಂದು ಕುಂಚ ಅದ್ದುವ ಮೊದಲೇ ಗೊತ್ತಿರಬೇಕು. ಮೋಡ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ತಿಳಿಯದ ಹಾಗೆ ಮಾಡಿದ್ದಾಳಲ್ಲ, ನನಗಂತೂ ಮಳೆಯ ಎರಚಲು ಮುಖಕ್ಕೆ ಹೊಡೆದ ಹಾಗಾಯಿತು.

ಎಲ್ಲ ಜಲವರ್ಣವೂ ಹೀಗೇ ಇರಬೇಕೆಂದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ 'ದೀಪ ಹಿಡಿದ ಹೆಂಗಸು' ಗೊತ್ತಲ್ಲ? ರವಿವರ್ಮನದೆಂದು ತಿಳಿದವರೇ ಬಹಳ. ಅದು ಎಸ್. ಎಲ್. ಹಲ್ದಂಕರ್ ಅವರು 1945-46ರಲ್ಲಿ ಬರೆದದ್ದು, ಜಲವರ್ಣವೇ. ಅವರು ನೀರನ್ನು ಅಂಕೆಯಲ್ಲಿಟ್ಟರು, ನಿಮ್ಮ ಮಗಳು ಹರಿಯಬಿಟ್ಟಿದ್ದಾಳೆ. ತಾಯಿ ಮಗಳು ಒಮ್ಮೆ ಹೋಗಿ ನೋಡಿಬನ್ನಿ.

ಕೊರತೆಯೇ ಇಲ್ಲವೆಂದಲ್ಲ. ಮೂಲೆಯ ದೋಣಿ ಬಿಗಿದುಕೊಂಡಿದೆ, ಅಲ್ಲಿ ಹುಡುಗಿ ಹೆದರಿದ್ದಾಳೆ. ಅದನ್ನೂ ಹೇಳಿ, ಬರೀ ಹೊಗಳಿಕೆಯನ್ನು ಮಕ್ಕಳು ನಂಬುವುದಿಲ್ಲ.

ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಸಿ. ಗಾಜು ಕಾಗದಕ್ಕೆ ಅಂಟದಂತೆ ನಡುವೆ ರಟ್ಟಿನ ಅಂಚು ಇಡಿಸಿ. ಬಿಸಿಲು ನೇರ ಬೀಳುವ ಗೋಡೆ, ತೇವದ ಗೋಡೆ ಎರಡೂ ಬೇಡ. ನಡುಮನೆಯಲ್ಲಿ, ನೆಂಟರು ಕೂರುವ ಕಡೆಯೇ ತೂಗುಹಾಕಿ.