ಅಧ್ಯಾಪಕರಿಗೂ ಒಂದು ಪಾಠಶಾಲೆ

ನಮ್ಮ ಓದುಗರಲ್ಲಿ ಒಬ್ಬರಾದರೂ ಅಧ್ಯಾಪಕ ವೃತ್ತಿಯಲ್ಲಿರುವ ಮನೆತನಗಳು ಅನೇಕ. ಮಗನೋ ಸೊಸೆಯೋ ಕಾಲೇಜಿನಲ್ಲಿ ಪಾಠ ಹೇಳುತ್ತಿರುವರೆಂದು ಹಿರಿಯರು ಹೆಮ್ಮೆಯಿಂದ ನುಡಿಯುವುದನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಆದರೆ ಪಾಠ ಹೇಳುವವರು ತಾವು ಕಲಿಯುವುದೆಲ್ಲಿ ಎಂದು ವಿಚಾರಿಸುವವರು ವಿರಳ. ಕಳೆದ ತಿಂಗಳು ಅನುದಾನಿತ ಪದವಿ ಕಾಲೇಜೊಂದರ ಗ್ರಂಥಾಲಯದಲ್ಲಿ ಅಧ್ಯಾಪಕರಿಗಾಗಿಯೇ ಏರ್ಪಟ್ಟಿದ್ದ ಎರಡು ದಿನಗಳ ಕಾರ್ಯಾಗಾರವನ್ನು ಕಣ್ಣಾರೆ ಕಂಡು ಬಂದೆವು. ಆ ವಿಷಯವನ್ನೇ ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಅಲ್ಲಿಗೆ ನಮ್ಮನ್ನು ಕರೆದೊಯ್ದವಳು ನಮ್ಮ ಬಾಲ್ಯಸ್ನೇಹಿತರ ಮಗಳು, ಅರ್ಥಶಾಸ್ತ್ರದ ಅಧ್ಯಾಪಕಿ. ಅವಳು ಎರಡು ವರ್ಷ ವಾರದ ಸಂತೆಗಳಲ್ಲಿ ಅಲೆದು, ಕಾಯಿಪಲ್ಯ ಮಾರುವ ಹೆಣ್ಣುಮಕ್ಕಳ ಸಾಲ, ಬಡ್ಡಿ, ಲಾಭಗಳ ಲೆಕ್ಕ ಬರೆದುಕೊಂಡು ಒಂದು ಸಂಶೋಧನ ಲೇಖನವನ್ನು ಸಿದ್ಧಪಡಿಸಿದ್ದಳು. ಅಷ್ಟರಲ್ಲಿ 'ಅಂತರರಾಷ್ಟ್ರೀಯ' ಎಂದು ಹೆಸರಿಟ್ಟುಕೊಂಡ ಪತ್ರಿಕೆಯೊಂದರಿಂದ ಇ-ಮೇಲಿನಲ್ಲಿ ಆಹ್ವಾನ ಬಂದಿತು. ಕಳುಹಿಸಿದ ಮೂರನೆಯ ದಿನವೇ ಲೇಖನ ಸ್ವೀಕೃತವಾಯಿತು. ಹನ್ನೆರಡು ಸಾವಿರ ರೂಪಾಯಿ ಸಂದಾಯವಾದ ವಾರದಲ್ಲಿ ಪ್ರಕಟವೂ ಆಯಿತು. ಬಡ್ತಿಗೆ ಅರ್ಜಿ ಸಲ್ಲಿಸಿದಾಗ ಆ ಪತ್ರಿಕೆಗೆ ಯಾವ ಮಾನ್ಯತೆಯೂ ಇಲ್ಲವೆಂಬ ಸಂಗತಿ ಬಯಲಾಯಿತು.

"ರೊಕ್ಕ ಹೋದದ್ದು ಹೋಗಲಿ ಕಾಕಾ. ಒಮ್ಮೆ ಅಚ್ಚಾದ ಲೇಖನವನ್ನು ಬೇರೆ ಕಡೆ ಕಳಿಸುವ ಹಾಗಿಲ್ಲ. ಆ ಹೆಣ್ಣುಮಕ್ಕಳು ನನ್ನನ್ನು ನಂಬಿ ಮನೆಯ ಲೆಕ್ಕ ಹೇಳಿದರು. ಅದೆಲ್ಲ ಯಾರೂ ಓದದ ಕಡೆ ಹೋಗಿ ಬಿತ್ತಲ್ಲ," ಎಂದು ಅವಳು ದಾರಿಯಲ್ಲಿ ಹೇಳಿದಾಗ ನಮಗೆ ಉತ್ತರ ತೋಚಲಿಲ್ಲ.

ಇದು ಅವಳೊಬ್ಬಳ ಪಾಡಲ್ಲ. ಹಣ ಪಡೆದು, ಪರಿಶೀಲಿಸದೆ ಅಚ್ಚು ಹಾಕುವ ಇಂಥ ಪತ್ರಿಕೆಗಳಿಗೆ 'ಬೇಟೆಗಾರ' ಎಂಬ ಅರ್ಥದ ಹೆಸರಿಟ್ಟವರು ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಗ್ರಂಥಪಾಲಕ ಜೆಫ್ರಿ ಬೀಲ್. ನಮ್ಮ ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರ ಮೇ ತಿಂಗಳಲ್ಲಿ ತನ್ನ ಅಂಗೀಕೃತ ಪಟ್ಟಿಯಿಂದ ಒಮ್ಮೆಗೇ 4,305 ಪತ್ರಿಕೆಗಳನ್ನು ತೆಗೆದುಹಾಕಿತು. ಅನಂತರ ಬಂದ 'ಕೇರ್' ಪಟ್ಟಿಯೂ 2025ರ ಫೆಬ್ರವರಿಯಲ್ಲಿ ರದ್ದಾಯಿತು. ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಹೊಣೆ ಈಗ ಆಯಾ ಸಂಸ್ಥೆಗಳ ಮೇಲೆಯೇ ಬಿದ್ದಿದೆ. ಸಂಸ್ಥೆಯೆಂದರೆ ಕೊನೆಗೆ ಯಾರು? ನಾವು ಬಲ್ಲಂತೆ ಗ್ರಂಥಪಾಲಕರೇ. ಅದೂ ಆ ಹುದ್ದೆ ಭರ್ತಿಯಾಗಿದ್ದರೆ!

ಆ ಕಾಲೇಜಿನ ಗ್ರಂಥಪಾಲಕರು ಮಿತಭಾಷಿಗಳು. ಭಾಷಣ ಮಾಡಲಿಲ್ಲ. ಪ್ರತಿಯೊಬ್ಬರನ್ನೂ ಗಣಕಯಂತ್ರದ ಮುಂದೆ ಕೂರಿಸಿ, ಅನುಮಾನದ ಪತ್ರಿಕೆಯೊಂದನ್ನು ತೆರೆಸಿ, ಸಂಪಾದಕ ಮಂಡಲಿಯ ಹೆಸರುಗಳನ್ನು ಅವರವರ ವಿಶ್ವವಿದ್ಯಾಲಯಗಳ ಪುಟಗಳಲ್ಲಿ ಹುಡುಕಿಸಿದರು. ಹುಡುಕಿದ ಹೆಸರುಗಳಲ್ಲಿ ಕೆಲವು ಎಲ್ಲಿಯೂ ಸಿಗಲಿಲ್ಲ. ಬಳಿಕ ನಮ್ಮ ಹುಡುಗಿಯ ಬಳಿಗೆ ಬಂದು, "ಮೇಡಂ, ಸಂತೆಯ ಬಗ್ಗೆ ಯಾವ ಪದ ಹಾಕಿ ಹುಡುಕುತ್ತಿದ್ದೀರಿ?" ಎಂದು ಕೇಳಿದರು. ಅವಳು 'ವೀಕ್ಲಿ ಬಜಾರ್' ಎಂದಳು. "ವಿದ್ವಾಂಸರು ಇದನ್ನು 'ಪೀರಿಯಾಡಿಕ್ ಮಾರ್ಕೆಟ್' ಎನ್ನುತ್ತಾರೆ. ಅದನ್ನು ಹಾಕಿ ನೋಡಿ," ಎಂದರು. ಚೀನಾದ ಹಳ್ಳಿಗಳ ಸಂತೆಗಳನ್ನು ಕುರಿತು ವಿಲಿಯಂ ಸ್ಕಿನ್ನರ್ 1964-65ರಲ್ಲಿ ಬರೆದ ಪ್ರಸಿದ್ಧ ಲೇಖನಮಾಲೆ ಅವಳ ಕಣ್ಣಿಗೆ ಬಿದ್ದದ್ದು ಆಗಲೇ. ಎರಡು ವರ್ಷದ ಶ್ರಮದಲ್ಲಿ ಕಾಣದಿದ್ದುದು ಎರಡು ನಿಮಿಷದಲ್ಲಿ ಕಂಡಿತು. ಅವಳು ನಗಬೇಕೋ ಅಳಬೇಕೋ ತಿಳಿಯದೆ ಕುಳಿತಿದ್ದಳು.

ಓದುಗನ ವೇಳೆಯನ್ನು ಉಳಿಸುವುದು ಗ್ರಂಥಾಲಯದ ಧರ್ಮವೆಂದು 1931ರಲ್ಲಿಯೇ ಸೂತ್ರರೂಪದಲ್ಲಿ ಸಾರಿದವರು ಡಾ. ಎಸ್. ಆರ್. ರಂಗನಾಥನ್. ಅವರೂ ಮೊದಲು ಗಣಿತದ ಅಧ್ಯಾಪಕರೇ. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಒಂಟಿತನವನ್ನು ತಾಳಲಾರದೆ ಮರಳಿ ಪಾಠಕ್ಕೇ ಹೋಗುತ್ತೇನೆಂದು ಹಟ ಹಿಡಿದಿದ್ದರಂತೆ. ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಮನಸ್ಸು ತಿರುಗಿತು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿ, 1972ರಲ್ಲಿ ಅದೇ ಊರಿನಲ್ಲಿ ಕಾಲವಾದರು. ಅಂಥವರು ಬಾಳಿದ ನಾಡಿನಲ್ಲಿ ಗ್ರಂಥಾಲಯದ ಬೀಗದ ಕೈಯನ್ನು ಗುಮಾಸ್ತರ ಸೊಂಟಕ್ಕೆ ಕಟ್ಟಿ, ಮಹಾದ್ವಾರಕ್ಕೆ ಲಕ್ಷಗಟ್ಟಲೆ ಸುರಿಯುವ ಆಡಳಿತ ಮಂಡಲಿಗಳೂ ಇವೆ.

ಎರಡನೆಯ ದಿನ ಕೃತಿಚೌರ್ಯದ ವಿಚಾರ ಬಂದಾಗ ಸಭೆ ಬಿಗಿಯಾಯಿತು. 2018ರ ನಿಯಮಾವಳಿಯ ಪ್ರಕಾರ ಶೇಕಡಾ 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ಉದ್ಧರಣೆಗಳನ್ನೂ ಆಕರಗಳ ಪಟ್ಟಿಯನ್ನೂ ಲೆಕ್ಕದಿಂದ ಬಿಡಬೇಕು. ಸಾಮಾನ್ಯ ಜ್ಞಾನದ ಮಾತಾದರೆ ಸತತ 14 ಪದಗಳವರೆಗೆ ವಿನಾಯಿತಿಯುಂಟು. ಹಿರಿಯ ಪ್ರಾಧ್ಯಾಪಕರೊಬ್ಬರು, "ಹಾಗಾದರೆ ಹದಿನೈದನೆಯ ಪದ ಬದಲಿಸಿದರೆ ಸಾಕೆ?" ಎಂದು ಕೇಳಿದರು. ಎಲ್ಲರೂ ನಕ್ಕರು. ಗ್ರಂಥಪಾಲಕರು ಮಾತ್ರ ನಗಲಿಲ್ಲ. "ಯಂತ್ರಕ್ಕೆ ಸಾಕಾದೀತು ಸರ್, ಓದುವವರಿಗೆ ಸಾಲದು," ಎಂದರು. ಅದೇ ನಿಯಮಾವಳಿಯು ಇಂಥ ತಿಳಿವಳಿಕೆಯ ಕಾರ್ಯಕ್ರಮಗಳನ್ನು ಪ್ರತಿ ಸೆಮಿಸ್ಟರಿನಲ್ಲಿಯೂ ನಡೆಸಬೇಕೆಂದು ವಿಧಿಸಿದೆ. ಎಷ್ಟು ಕಾಲೇಜುಗಳಲ್ಲಿ ನಡೆಯುತ್ತಿವೆಯೆಂಬುದನ್ನು ಅಧ್ಯಾಪಕ ಓದುಗರೇ ಬಲ್ಲರು.

ಸಾಮಗ್ರಿಯ ಕೊರತೆಯ ಮಾತನ್ನೂ ಆಡಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ 'ಶೋಧಗಂಗಾ'ದಲ್ಲಿ ಐದು ಲಕ್ಷಕ್ಕೂ ಮಿಕ್ಕಿದ ಪಿಎಚ್.ಡಿ. ಪ್ರಬಂಧಗಳು ಎಲ್ಲರಿಗೂ ಉಚಿತವಾಗಿ ತೆರೆದಿವೆ. ಆದರೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಒದಗಿಸುವ, 2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು ಮೊದಲ ಹಂತದಲ್ಲಿ ಸರ್ಕಾರಿ ಸಂಸ್ಥೆಗಳಿಗಷ್ಟೇ ದೊರಕಿತು. ಸಂಘಗಳೂ ಟ್ರಸ್ಟುಗಳೂ ನಡೆಸುವ ಕಾಲೇಜುಗಳು ಹೊರಗುಳಿದವು. ಹಳ್ಳಿಯ ಮಕ್ಕಳು ಓದುವುದು ಅಲ್ಲಿಯೂ ಅಲ್ಲವೇ?

ಕಾರ್ಯಾಗಾರದ ಫಲ ತರಗತಿಗೂ ಇಳಿದದ್ದನ್ನು ಕಂಡು ನಮಗೆ ಸಂತೋಷವಾಯಿತು. ಒಂದೇ ಗೈಡಿನಿಂದ ಅರವತ್ತು ಮಕ್ಕಳು ನಕಲಿಳಿಸುತ್ತಿದ್ದ ನಿಯೋಜಿತ ಕಾರ್ಯವನ್ನು ನಮ್ಮ ಹುಡುಗಿ ಕೈಬಿಟ್ಟಿದ್ದಾಳೆ. ಈಗ ಪ್ರತಿಯೊಬ್ಬರೂ ತಮ್ಮೂರ ಸಂತೆಯ ಒಂದು ಸರಕಿನ ಧಾರಣೆಯನ್ನು ಆರು ವಾರ ಬರೆದಿಟ್ಟು, ಗ್ರಂಥಾಲಯದ ಒಂದು ಪುಸ್ತಕದೊಡನೆ ತಾಳೆ ನೋಡಬೇಕು. ಮೊದಲ ವಾರ ಮಕ್ಕಳು ಗೊಣಗಿದರಂತೆ.

ಅವಳು ಹೊಸ ಲೇಖನವನ್ನೂ ಬರೆದಳು. ಗ್ರಂಥಪಾಲಕರೊಡನೆ ಕುಳಿತು ಆರಿಸಿದ ಪತ್ರಿಕೆಗೆ ಕಳುಹಿಸಿದಳು. ಮೊನ್ನೆ ದೂರವಾಣಿಯಲ್ಲಿ ಮಾತನಾಡಿದಳು. ಲೇಖನ ಇನ್ನೂ ಸ್ವೀಕೃತವಾಗಿಲ್ಲ. ನಾಲ್ಕು ಪುಟಗಳ ಆಕ್ಷೇಪಣೆಗಳು ಬಂದಿವೆಯಂತೆ. ನಾವು ಸಮಾಧಾನ ಹೇಳಲು ಹೊರಟೆವು.

"ಬೇಸರವೇನಿಲ್ಲ ಕಾಕಾ," ಎಂದಳು, "ಈ ಸಲ ಯಾರೋ ಪೂರ್ತಿ ಓದಿದ್ದಾರೆ."